ಅಂಧರ ಕ್ರೀಡಾಕೂಟದಲ್ಲಿ ಸ್ವಯಂಸೇವಕರು ಏನು ಮಾಡಬೇಕು?

ಪ್ರಶ್ನೆ: ಅಂಧರ ಅಥ್ಲೆಟಿಕ್ಸ್ ಕೂಟಕ್ಕೆ ಸ್ವಯಂಸೇವಕನಾಗಿ ಹೆಸರು ಕೊಟ್ಟಿದ್ದೇನೆ. ಇಂಥ ಕೆಲಸ ಹಿಂದೆ ಮಾಡಿಲ್ಲ. ಅವರ ಕೈ ಹಿಡಿದು ಕರೆದೊಯ್ಯಬೇಕೆ? ಓಟದಲ್ಲಿ ನಾನೂ ಜೊತೆಗೆ ಓಡಬೇಕಾಗುತ್ತದೆಯೇ?

ಉತ್ತರ: ನೀವು ಅವರ ಕೈ ಹಿಡಿಯಬೇಡಿ, ಅವರು ನಿಮ್ಮ ತೋಳು ಹಿಡಿಯಲಿ. ಮೊದಲು ನಿಮ್ಮ ಹೆಸರು ಹೇಳಿ, 'ಜೊತೆಗೆ ಬರಲೇ?' ಎಂದು ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ. ಹೂಂ ಅಂದರೆ ನಿಮ್ಮ ಕೈಯ ಹಿಂಭಾಗವನ್ನು ಅವರ ಕೈಗೆ ಮೆಲ್ಲಗೆ ತಾಗಿಸಿ. ಅವರು ನಿಮ್ಮ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದುಕೊಳ್ಳುತ್ತಾರೆ. ನೀವು ಅರ್ಧ ಹೆಜ್ಜೆ ಮುಂದಿರಿ. ನೀವು ತಿರುಗುವುದು, ಏರುವುದು, ಇಳಿಯುವುದು ಆ ತೋಳಿನಿಂದಲೇ ಅವರಿಗೆ ಗೊತ್ತಾಗುತ್ತದೆ. ಹಿಂದಿನಿಂದ ಭುಜ ಹಿಡಿದು ತಳ್ಳಿದರೆ ಈ ಸುಳಿವು ಸಿಗುವುದಿಲ್ಲ, ಮೆಟ್ಟಿಲಿಗೆ ಮೊದಲು ಎಡವುವುದು ಅವರೇ.

ಇಕ್ಕಟ್ಟಿನ ಜಾಗ ಬಂದರೆ ತೋಳನ್ನು ಬೆನ್ನ ಹಿಂದೆ ಒಯ್ಯಿರಿ, ಅವರು ನಿಮ್ಮ ಹಿಂದೆ ಸರಿಯುತ್ತಾರೆ. ಮೆಟ್ಟಿಲ ಎದುರು ನಿಂತು 'ಹತ್ತಬೇಕು' ಅಥವಾ 'ಇಳಿಯಬೇಕು' ಎನ್ನಿ, ಕಂಬಿ ಯಾವ ಬದಿಗಿದೆ ಎಂದೂ ಹೇಳಿ. ಕುರ್ಚಿ ತೋರಿಸಲು ಅವರ ಕೈಯನ್ನು ಅದರ ಬೆನ್ನಿಗೆ ತಾಗಿಸಿದರೆ ಸಾಕು, ಕೂರುವುದು ಅವರಿಗೆ ಗೊತ್ತು. ಶೌಚಾಲಯದ ವಿವರವನ್ನು ಬಹಳ ಮಂದಿ ಮರೆಯುತ್ತಾರೆ: ಚಿಲಕ, ನಲ್ಲಿ, ಫ್ಲಶ್ ಎಲ್ಲಿವೆ ಎಂದು ಹೇಳಿ ಹೊರಗೆ ಕಾಯಿರಿ. ನೀವು ಹೊರಡುವಾಗ 'ಹೊರಟೆ' ಎನ್ನಿ. ಇಲ್ಲದಿದ್ದರೆ ಅವರು ಖಾಲಿ ಜಾಗದೊಂದಿಗೆ ಮಾತಾಡುತ್ತಿರುತ್ತಾರೆ; ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಓಟದಲ್ಲಿ ಜೊತೆಗೆ ಓಡುವುದು ನಿಮ್ಮ ಕೆಲಸವಲ್ಲ. ಓಟಗಾರರನ್ನು ದೃಷ್ಟಿಯ ಮಟ್ಟಕ್ಕೆ ತಕ್ಕಂತೆ ವರ್ಗ ಮಾಡಿರುತ್ತಾರೆ. ಟಿ11 ವರ್ಗದವರು, ಅಂದರೆ ದೃಷ್ಟಿ ಇಲ್ಲದ ಅಥವಾ ಬಹುತೇಕ ಇಲ್ಲದವರು, ಕಣ್ಣುಪಟ್ಟಿ ಕಟ್ಟಿ ಗೈಡ್ (ಕಣ್ಣು ಕಾಣುವ ಜೊತೆಗಾರ) ಜೊತೆ ಓಡುತ್ತಾರೆ. ಸ್ವಲ್ಪ ಕಾಣುವವರ ಟಿ12ರಲ್ಲಿ ಗೈಡ್ ಬೇಕೋ ಬೇಡವೋ ಎಂಬುದು ಓಟಗಾರರ ಆಯ್ಕೆ, ಇನ್ನೂ ಹೆಚ್ಚು ಕಾಣುವವರ ಟಿ13ರಲ್ಲಿ ಗೈಡ್ ಇರುವುದಿಲ್ಲ. ಓಟಗಾರನನ್ನೂ ಗೈಡನ್ನೂ ಜೋಡಿಸುವ ಪಟ್ಟಿ ಹಿಗ್ಗದಂಥದ್ದು. ಗೈಡ್ ಎಳೆಯುವಂತಿಲ್ಲ, ಮುಕ್ತಾಯದ ಗೆರೆಯನ್ನು ಓಟಗಾರನಿಗಿಂತ ಮೊದಲು ದಾಟುವಂತಿಲ್ಲ. ತೋಳಿನ ಬೀಸು, ಹೆಜ್ಜೆಯ ಲಯ ಹೊಂದಲು ಇಬ್ಬರೂ ಕೂಡಿ ಬಹಳ ಅಭ್ಯಾಸ ಮಾಡಿರುತ್ತಾರೆ, ಕೊನೆ ಗಳಿಗೆಯಲ್ಲಿ ಯಾರೂ ಆ ಜಾಗಕ್ಕೆ ಬರಲಾಗದು. ಲೇನ್ ಹೊಣೆ ನಿಮಗೆ ಬಂದರೆ ಒಂದು ನೆನಪಿರಲಿ: 100 ಮೀಟರ್ ಓಟದಲ್ಲಿ ಒಂದು ಜೋಡಿಗೆ ಎರಡು ಲೇನ್, ಅಂದರೆ 8 ಲೇನಿನ ಟ್ರ್ಯಾಕಿನಲ್ಲಿ ನಾಲ್ಕೇ ಜೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಸದ್ದು. ಟಿ11 ಉದ್ದ ಜಿಗಿತದಲ್ಲಿ ಕಾಲರ್ ಎಂಬ ಸಹಾಯಕರು ಚಪ್ಪಾಳೆ ತಟ್ಟಿಯೋ ಕೂಗಿಯೋ ದಿಕ್ಕು ತೋರಿಸುತ್ತಾರೆ, ಜಿಗಿಯುವವರು ಆ ಸದ್ದಿನತ್ತಲೇ ಪೂರ್ತಿ ವೇಗದಲ್ಲಿ ಓಡಿಬರುತ್ತಾರೆ. ಆ ಹೊತ್ತಲ್ಲಿ ಪಕ್ಕದಿಂದ ನೀವು ಉತ್ಸಾಹದಿಂದ ತಟ್ಟಿದ ಚಪ್ಪಾಳೆ ಅವರನ್ನು ಮರಳಿನ ಗುಂಡಿಯ ಅಂಚಿಗೆ ಎಳೆಯಬಲ್ಲದು. ಫೋನ್ ಮ್ಯೂಟ್ ಮಾಡಿ, ವಾಕಿಟಾಕಿಗೆ ಇಯರ್‌ಫೋನ್ ಹಾಕಿ, ಪ್ರೇಕ್ಷಕರನ್ನೂ ಸುಮ್ಮನಿರಿಸಿ. ಜಿಗಿದು ಮುಗಿದ ಮೇಲೆ ಎಷ್ಟು ಬೇಕಾದರೂ ಕೂಗಿ.

ಇನ್ನು, ವಿಶ್ರಾಂತಿ ಜಾಗದಿಂದ ಟ್ರ್ಯಾಕಿನವರೆಗಿನ ದಾರಿಯನ್ನು ಹಲವರು ಒಂದು ಸಲ ನಡೆದು ಮನಸ್ಸಿನಲ್ಲಿ ಗುರುತಿಟ್ಟುಕೊಂಡಿರುತ್ತಾರೆ. ಆ ದಾರಿಯಲ್ಲಿ ಬ್ಯಾಗ್, ಕುರ್ಚಿ, ಕೇಬಲ್ ಏನೂ ಇಡಬೇಡಿ, ಅರ್ಧ ತೆರೆದ ಬಾಗಿಲನ್ನೂ ಬಿಡಬೇಡಿ. ಏನಾದರೂ ಜಾಗ ಬದಲಿಸಲೇಬೇಕಾಗಿ ಬಂದರೆ ಒಬ್ಬೊಬ್ಬರಿಗೂ ಬಾಯಿಬಿಟ್ಟು ತಿಳಿಸಿ.