ತಪ್ಪು ಸಿರಿಂಜ್‌ನಲ್ಲಿ ಇನ್ಸುಲಿನ್ ಕೊಟ್ಟೆ, ರೋಗಿಗೆ ಏನೂ ಆಗಲಿಲ್ಲ. ಇನ್ಸಿಡೆಂಟ್ ರಿಪೋರ್ಟ್ ಬರೆಯಲೇಬೇಕಾ?

ಬರೆಯಿರಿ. ಆದರೆ ಇವತ್ತೇ ಬರೆಯಿರಿ, ನಾಳೆಗೆ ಇಡಬೇಡಿ.

ಕೆಲಸಕ್ಕೆ ಸೇರಿ ಮೂರು ತಿಂಗಳು ಅಂದಿದ್ದೀರಿ. ಡಾಕ್ಟರ್ 10 ಯೂನಿಟ್ ಬರೆದಿದ್ದರು, ನೀವು 40ರ ವಯಲ್‌ನಿಂದ, ಅಂದರೆ ಇನ್ಸುಲಿನ್ ಬಾಟಲಿಯಿಂದ, 100ರ ಸಿರಿಂಜ್‌ಗೆ ಎಳೆದು ಕೊಟ್ಟಿರಿ. ಇನ್‌ಚಾರ್ಜ್ ಸಿಸ್ಟರ್ ರಿಪೋರ್ಟ್ ಬರಿ ಅಂತಾರೆ, ಜೊತೆಯವರು ಸುಮ್ನಿರು, ಕೆಲಸ ಹೋಗುತ್ತೆ ಅಂತಾರೆ. ನಾನು ಹಾಸನದಲ್ಲಿ ಹದಿನೇಳು ವರ್ಷದಿಂದ ನರ್ಸ್ ಆಗಿದ್ದೇನೆ. ಈಗ ಒಂದು ಮೆಡಿಸಿನ್ ವಾರ್ಡ್ ನೋಡಿಕೊಳ್ಳುತ್ತೇನೆ. ನಿಮ್ಮ ಹೊಟ್ಟೆಯೊಳಗಿನ ಭಯ ನನಗೆ ಚೆನ್ನಾಗಿ ಗೊತ್ತು.

ಮೊದಲು ಆ "ಏನೂ ಆಗಲಿಲ್ಲ" ಅನ್ನೋದನ್ನು ನೋಡೋಣ. ನಮ್ಮಲ್ಲಿ ಇನ್ಸುಲಿನ್ ವಯಲ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತೆ. ಅದಕ್ಕೆ ಕೆಂಪು ಕ್ಯಾಪ್ ಸಿರಿಂಜ್. ಇನ್ಸುಲಿನ್ ಚುಚ್ಚುವ ಪೆನ್ನಿಗೆ ಹಾಕುವ ಕಾರ್ಟ್ರಿಜ್ ಒಂದು ಎಂಎಲ್‌ಗೆ 100 ಯೂನಿಟ್. 100ರ ಸಿರಿಂಜ್‌ಗೆ ಆರೆಂಜ್ ಕ್ಯಾಪ್. ನೀವು ಆರೆಂಜ್ ಕ್ಯಾಪ್ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದಿರಿ, ಅಂದರೆ 0.1 ಎಂಎಲ್. ರೋಗಿಗೆ ಹೋಗಿದ್ದು 4 ಯೂನಿಟ್ ಮಾತ್ರ. ಶುಗರ್ ಸ್ವಲ್ಪ ಏರಿತು, ಅಷ್ಟೇ.

ಇದೇ ತಪ್ಪು ತಿರುಗಾಮುರುಗಾ ಆಗಿದ್ದರೆ? ಸಕಲೇಶಪುರದ ಕಡೆ ತೋಟಗಳಿಂದ ಬರುವವರು ಎಷ್ಟೋ ಸಲ ಮನೆಯ ಇನ್ಸುಲಿನ್ ಅನ್ನೇ ಫ್ಲಾಸ್ಕ್‌ನಲ್ಲಿಟ್ಟು ತರುತ್ತಾರೆ. ಪೆನ್ನು ಕೆಟ್ಟಿದೆ, ಇದರಿಂದಲೇ ಕೊಡಿ ಸಿಸ್ಟರ್ ಅಂತ ಕಾರ್ಟ್ರಿಜ್ ಕೈಗೆ ಕೊಡುತ್ತಾರೆ. ಅದರಿಂದ ಕೆಂಪು ಕ್ಯಾಪ್ ಸಿರಿಂಜ್‌ಗೆ 10ರ ಗೆರೆಯವರೆಗೆ, ಅಂದರೆ 0.25 ಎಂಎಲ್, ಎಳೆದರೆ ಒಳಗೆ ಹೋಗೋದು 25 ಯೂನಿಟ್. ರೋಗಿ ಎರಡು ತುತ್ತು ಉಂಡು ಮಲಗಿರುತ್ತಾರೆ. ರಾತ್ರಿ ಎರಡು ಗಂಟೆಗೆ ಶುಗರ್ ಇಳಿದು ಮೈಯೆಲ್ಲ ಬೆವರಿದರೆ, ಮೂವತ್ತು ಬೆಡ್‌ಗೆ ಇಬ್ಬರೇ ಇರುವ ನೈಟ್ ಡ್ಯೂಟಿಯಲ್ಲಿ ಯಾರ ಕಣ್ಣಿಗೆ ಬೀಳಬೇಕು? ಎರಡೂ ಸಿರಿಂಜ್ ಒಂದೇ ಟ್ರೇಯಲ್ಲಿ ಇದ್ದವು ಅಂತ ನೀವೇ ಬರೆದಿದ್ದೀರಿ. ಆ ಟ್ರೇ ಇವತ್ತು ರಾತ್ರಿಯೂ ಅಲ್ಲೇ ಇರುತ್ತೆ. ನಿಮ್ಮ ರಿಪೋರ್ಟ್ ಇಲ್ಲದಿದ್ದರೆ ಅದನ್ನು ಬೇರೆ ಮಾಡಿಸುವವರು ಯಾರು?

ಜೊತೆಯವರು ಹೆದರಿಸೋದಕ್ಕೂ ಕಾರಣ ಇದೆ. ನಮ್ಮ ಕಡೆ ಬಹಳ ಆಸ್ಪತ್ರೆಗಳಲ್ಲಿ ಇನ್ಸಿಡೆಂಟ್ ರಿಪೋರ್ಟ್ ಅಂದರೆ ಎಕ್ಸ್‌ಪ್ಲನೇಶನ್ ಲೆಟರ್ ಅಂದುಕೊಂಡಿದ್ದಾರೆ. ಎರಡೂ ಬೇರೆ ಬೇರೆ. ಎಕ್ಸ್‌ಪ್ಲನೇಶನ್ ಅಂದರೆ ಮೇಲಿನವರು ನಿಮ್ಮಿಂದ ಕೇಳಿ ಪಡೆಯುವ ಸಮಜಾಯಿಷಿ. ಅದರಲ್ಲಿ "ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಕ್ಷಮಿಸಿ" ಅಂತೆಲ್ಲ ಬರುತ್ತೆ. ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಕ್ಷಮೆಗೆ ಜಾಗ ಇಲ್ಲ, ಬೇಕಾಗೂ ಇಲ್ಲ. ಏನಾಯ್ತು, ಯಾವಾಗ, ಎಲ್ಲಿ, ಆಮೇಲೆ ಏನು ಮಾಡಿದಿರಿ, ಅಷ್ಟೇ. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಬೇಕು ಅನ್ನುವ ಆಸ್ಪತ್ರೆ ಈ ರಿಪೋರ್ಟ್‌ಗಳನ್ನು ತೆಗೆದುಕೊಳ್ಳಲೇಬೇಕು, ಕಾರಣ ಹುಡುಕಲೇಬೇಕು. ಅನಾಹುತ ಆಗೋದು ಸ್ವಲ್ಪದರಲ್ಲಿ ತಪ್ಪಿದ್ದನ್ನೂ, ಅಂದರೆ ನಿಯರ್ ಮಿಸ್ ಅನ್ನೂ ಬರೆಯಬೇಕು.

ಮೆಮೊ ಬರೋದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಕೆಲವು ಕಡೆ ಕೊಡುತ್ತಾರೆ, ಅದು ಅವರ ತಪ್ಪು. ಆದರೆ ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದವರ ಪಾಡು ನೋಡಿದ್ದೇನೆ. ತಾವಾಗಿ ಬರೆದವರಿಗೆ ಅಂಥ ಗತಿ ಬಂದಿದ್ದನ್ನು ನೋಡಿಲ್ಲ.

ಹೇಗೆ ಬರೆಯೋದು ಅಂತ ನನಗೆ ಕಲಿಸಿದ್ದು ಒಬ್ಬ ಅಜ್ಜಿ. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ, ಮಳೆಗಾಲ. ಬೇಲೂರಿನ ಕಡೆಯವರು. ಬೆಳಗಿನ ಜಾವ ಮೂರೂ ಕಾಲಿಗೆ ಬಾತ್‌ರೂಮ್ ಹತ್ತಿರ ದಬ್ ಅಂತ ಸದ್ದಾಯ್ತು. ಓಡಿದೆ. ಬಾಗಿಲ ಹತ್ತಿರ ಬಲಮಗ್ಗುಲಾಗಿ ಬಿದ್ದಿದ್ದರು. ಸೀರೆಯ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿತ್ತು, ಒಂದು ಕೈ ಇನ್ನೂ ಗೋಡೆ ಹಿಡಿಯಲು ಚಾಚಿದ ಹಾಗೇ ಇತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಬೆಳಗ್ಗೆ ನಾನು ರಿಪೋರ್ಟ್‌ನಲ್ಲಿ ಬರೆದೆ: "ನೆಲ ಒದ್ದೆ ಇದ್ದುದರಿಂದ ರೋಗಿ ಕಾಲು ಜಾರಿ ಬಿದ್ದರು."

ಆಗಿನ ಇನ್‌ಚಾರ್ಜ್ ಸಿಸ್ಟರ್ ಓದಿ ಕೇಳಿದರು: "ಜಾರಿದ್ದನ್ನು ನೀನು ನೋಡಿದೆಯಾ?" ಇಲ್ಲ. "ನೆಲ ಮುಟ್ಟಿ ನೋಡಿದೆಯಾ?" ಅದೂ ಇಲ್ಲ. ಮಳೆಗಾಲ ಅಲ್ವಾ, ಒದ್ದೆ ಇರುತ್ತೆ ಅಂದುಕೊಂಡಿದ್ದೆ. ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿ ಮತ್ತೆ ಬರೆಸಿದರು. "3:15ಕ್ಕೆ ಸದ್ದು ಕೇಳಿ ಹೋದೆ. ರೋಗಿ ನೆಲದ ಮೇಲೆ ಬಲಮಗ್ಗುಲಾಗಿ ಇದ್ದರು. ಪ್ರಜ್ಞೆ ಇತ್ತು. ಎದ್ದ ಕೂಡಲೇ ಕಣ್ಣು ಕತ್ತಲೆ ಬಂತು ಅಂದರು. ಬಿಪಿ 90/60." ಆ ಬಿಪಿ ನಾನೇ ನೋಡಿದ್ದು, ಆದರೆ ಮೊದಲ ರಿಪೋರ್ಟ್‌ನಲ್ಲಿ ಬರೆದಿರಲಿಲ್ಲ. ಅದನ್ನು ನೋಡಿದ ಮೇಲೆ ಡಾಕ್ಟರ್ ಕೇಸ್ ಶೀಟ್ ತಿರುವಿದರು. ಹಿಂದಿನ ರಾತ್ರಿ ಪ್ರಾಜೋಸಿನ್ ಮಾತ್ರೆ ಹೊಸದಾಗಿ ಶುರು ಮಾಡಿದ್ದರು. ಮೊದಲ ಡೋಸ್ ಆದಮೇಲೆ ಎದ್ದು ನಿಂತರೆ ಬಿಪಿ ಇಳಿಯಬಹುದಾದ ಮಾತ್ರೆ ಅದು. ನನ್ನ ಮೊದಲ ವಾಕ್ಯವೇ ಉಳಿದಿದ್ದರೆ ನೆಲ ಒರೆಸಿದ ಆಯಮ್ಮನಿಗೆ ಬೈಗುಳ ಬೀಳುತ್ತಿತ್ತು, ಮುಂದಿನ ವಾರ ಇನ್ನೊಬ್ಬರು ಬೀಳುತ್ತಿದ್ದರು. ಅವತ್ತಿನಿಂದ ಆ ಮಾತ್ರೆಯ ಮೊದಲ ಡೋಸ್ ಕೊಟ್ಟ ರಾತ್ರಿ "ಒಬ್ಬರೇ ಏಳಬೇಡಿ, ಕರೀರಿ" ಅಂತ ರೋಗಿಗೂ ಜೊತೆಯಲ್ಲಿರುವವರಿಗೂ ಹೇಳಿಯೇ ನಾವು ಮುಂದಿನ ಬೆಡ್‌ಗೆ ಹೋಗೋದು.

ಹಾಗಾಗಿ ಕಂಡಿದ್ದನ್ನು ಬರೆಯಿರಿ, ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಊಹೆ ಬೇಡ. ನಿಮ್ಮದನ್ನೇ ನಾನು ಬರೆಯೋದಾದರೆ ಹೀಗೆ ಬರೆಯುತ್ತಿದ್ದೆ. ಸಮಯ, ಶುಗರ್ ನಿಮ್ಮದು ಹಾಕಿಕೊಳ್ಳಿ:

"ರಾತ್ರಿ 8:10. ಆರ್ಡರ್: ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, ಊಟಕ್ಕೆ ಮುಂಚೆ. 40ರ ವಯಲ್‌ನಿಂದ 100ರ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದು ಕೊಟ್ಟೆ. 8:25ಕ್ಕೆ ಸಿರಿಂಜ್ ಬಿಸಾಡುವಾಗ ಆರೆಂಜ್ ಕ್ಯಾಪ್ ನೋಡಿ ಗೊತ್ತಾಯಿತು. ರೋಗಿಗೆ ಹೋಗಿದ್ದು 4 ಯೂನಿಟ್. 8:30ಕ್ಕೆ ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅವರು ಹೇಳಿದಂತೆ 10 ಗಂಟೆಗೆ ಶುಗರ್ ನೋಡಿದೆ, 238. ರೋಗಿಗೆ ತೊಂದರೆ ಇಲ್ಲ. ಎರಡೂ ತರದ ಸಿರಿಂಜ್ ಒಂದೇ ಟ್ರೇಯಲ್ಲಿ ಇದ್ದವು."

ಕೊನೆಯ ವಾಕ್ಯ ಬಿಡಬೇಡಿ. ನೆಪ ಹೇಳಿದ ಹಾಗಾಗುತ್ತೆ ಅಂತ ತುಂಬಾ ಜನ ಅದನ್ನೇ ಬಿಡುತ್ತಾರೆ. ಅದೂ ನೀವು ಕಣ್ಣಾರೆ ಕಂಡಿದ್ದೇ.

ಇಂಗ್ಲಿಷ್ ಬರಲ್ಲ ಅಂತಲೂ ಬರೆದಿದ್ದೀರಿ. ನಾನೂ ಕನ್ನಡ ಮೀಡಿಯಂ. ಇಂಗ್ಲಿಷ್ ತಡವರಿಸಿದಾಗ ನಾವು ಹಳೆಯ ರಿಪೋರ್ಟ್ ನೋಡಿ ಅದೇ ವಾಕ್ಯ ಇಳಿಸಿಬಿಡುತ್ತೇವೆ. ಆಗ ಎಲ್ಲ ರೋಗಿಗಳೂ ಒಂದೇ ತರ ಬೀಳುತ್ತಾರೆ, ಎಲ್ಲ ಔಷಧಿಯೂ ಒಂದೇ ತರ ತಪ್ಪಾಗುತ್ತೆ. ಅದರ ಬದಲು ಕನ್ನಡದಲ್ಲೇ ಪೂರ್ತಿ ಬರೆದುಕೊಳ್ಳಿ. ಕನ್ನಡದಲ್ಲೇ ಕೊಡಬಹುದಾ ಅಂತ ಇನ್‌ಚಾರ್ಜ್‌ನ ಕೇಳಿ. ನನ್ನ ವಾರ್ಡ್‌ನಲ್ಲಿ ನಾನು ತೆಗೆದುಕೊಳ್ಳುತ್ತೇನೆ. ಇಂಗ್ಲಿಷೇ ಬೇಕು ಅಂದರೆ ಯಾರಾದರೂ ಜೊತೆಗೆ ಕೂತು ಬರೆಸಲಿ, ಆದರೆ ಸಹಿ ಮಾಡುವ ಮುಂಚೆ ನಿಮಗೆ ಕನ್ನಡದಲ್ಲಿ ಓದಿ ಹೇಳಲಿ.

ಕೇಸ್ ಶೀಟ್ ವಿಷಯ. ಕೊಟ್ಟ ಡೋಸ್ ಎಷ್ಟು, ಡಾಕ್ಟರ್ ಏನು ಹೇಳಿದರು, ಶುಗರ್ ಎಷ್ಟು, ಇಷ್ಟೂ ಅಲ್ಲಿ ಇರಬೇಕು. ಆದರೆ "ಇನ್ಸಿಡೆಂಟ್ ರಿಪೋರ್ಟ್ ಕೊಟ್ಟಿದೆ" ಅಂತ ಅಲ್ಲಿ ಬರೆಯೋದು ನಮ್ಮಲ್ಲಿ ರೂಢಿ ಇಲ್ಲ, ಅದು ಬೇರೆ ಫೈಲ್. ಈಗಾಗಲೇ 10 ಯೂನಿಟ್ ಅಂತ ಬರೆದಿದ್ದರೆ ವೈಟ್ನರ್ ಮುಟ್ಟಲೇಬೇಡಿ. ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ, ಸಮಯ ಹಾಕಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು, ಹೊಸಬರು ಇದನ್ನೇ ಜಾಸ್ತಿ ಮುಚ್ಚಿಡುತ್ತಾರೆ. ಸೂಜಿ ಚುಚ್ಚಿಕೊಂಡರೆ ಹಿಂಡಬೇಡಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು. ಡ್ಯೂಟಿ ಮುಗಿಸಿ ಆಮೇಲೆ ಹೇಳೋಣ ಅಂತ ಕಾಯಬೇಡಿ.

ರೋಗಿ ಕಡೆಯವರಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಹೇಳಬೇಕು, ಆದರೆ ಡಾಕ್ಟರ್ ಹೇಳಲಿ, ನೀವು ಜೊತೆಗೆ ನಿಂತಿರಿ. ಅವರು ಏನಾದರೂ ಕೇಳಿದರೆ ನಡೆದಿದ್ದಷ್ಟನ್ನೇ ಹೇಳಿ. ಸಂಜೆ ಹ್ಯಾಂಡೋವರ್ ಕೊಡುವಾಗ ಮುಂದಿನ ಸಿಸ್ಟರಿಗೂ ಬೆಡ್ ಪಕ್ಕದಲ್ಲೇ ನಿಂತು ಹೇಳಿ, ಆ ಟ್ರೇ ಕೈಯಲ್ಲಿ ಹಿಡಿದು ತೋರಿಸಿ. ಫಾರ್ಮ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ ಅಂದರೆ ಬಿಳಿ ಹಾಳೆ ಸಾಕು. ಬರೆದು ಇನ್‌ಚಾರ್ಜ್ ಕೈಗೆ ಕೊಡಿ, ಕೊಟ್ಟ ಸಮಯ ಅದರ ಮೇಲೆ ಹಾಕಿಸಿಕೊಳ್ಳಿ.