ಕಿಮೊ ನಡೆಯುತ್ತಿರುವಾಗ ಓಡಬಹುದೇ?

ಪ್ರಶ್ನೆ: ನನಗೆ 44 ವರ್ಷ, ಕಲಬುರಗಿಯಲ್ಲಿ ಶಿಕ್ಷಕಿ. ಬಲ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. 21 ದಿನಕ್ಕೊಮ್ಮೆ ಕೊಡುವ ನಾಲ್ಕು ಕೆಂಪು ಕಿಮೊಗಳಲ್ಲಿ ಎರಡು ಮುಗಿದಿವೆ. ಆಮೇಲೆ ವಾರಕ್ಕೊಮ್ಮೆಯಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕಿಮೊ ಇದೆ. ಮೊದಲು ಅಪ್ಪನ ಕೆರೆಯ ಬಳಿ ದಿನಾ ಐದು ಕಿಲೋಮೀಟರ್ ಓಡುತ್ತಿದ್ದೆ. ಹಳ್ಳಿಗಳಿಂದ ಚಿಕಿತ್ಸೆಗೆ ಬರುವವರ ಬಸ್ ಖರ್ಚು, ವಸತಿ ನೋಡಿಕೊಳ್ಳುವ ಒಂದು ಸೇವಾ ಸಂಸ್ಥೆಗಾಗಿ ಫೆಬ್ರುವರಿಯಲ್ಲಿ 10 ಕಿಲೋಮೀಟರ್ ಓಡಿ ಹಣ ಕೂಡಿಸಬೇಕೆಂದಿದ್ದೇನೆ. ಅತ್ತೆಯವರು ‘ಹಾಸಿಗಿ ಬಿಟ್ಟು ಏಳಬ್ಯಾಡವ್ವ’ ಎನ್ನುತ್ತಾರೆ. ಓಡಬಹುದೇ?
— ಹೆಸರು ಬೇಡ, ಕಲಬುರಗಿ

ಉತ್ತರ: ಓಡಬಹುದು, ಆದರೆ ಫೆಬ್ರುವರಿಯ ಆ ಒಂದು ದಿನಕ್ಕೆ ಹಣವನ್ನು ಕಟ್ಟಿಹಾಕಬೇಡಿ. ಪತ್ರ ಬರೆದದ್ದು ಅಕ್ಟೋಬರಿನಲ್ಲಿ. ಉಳಿದ ಎರಡು ಕೆಂಪು ಕಿಮೊಗೆ ಆರು ವಾರ, ಪ್ಯಾಕ್ಲಿಟ್ಯಾಕ್ಸೆಲಿಗೆ 12 ವಾರ ಹಿಡಿದರೆ ಫೆಬ್ರುವರಿಯಲ್ಲಿಯೂ ನೀವು ಚಿಕಿತ್ಸೆಯಲ್ಲೇ ಇರುತ್ತೀರಿ ಅಥವಾ ಆಗಷ್ಟೇ ಮುಗಿಸಿರುತ್ತೀರಿ. ರಕ್ತದ ವರದಿ ಸರಿಯಿಲ್ಲವೆಂದು ಒಂದೆರಡು ವಾರ ಮುಂದೆ ಹೋಗುವುದೂ ಮಾಮೂಲು. ಭಿತ್ತಿಪತ್ರದಲ್ಲಿ ಅಚ್ಚಾದ ತಾರೀಖಿಗೆ ಇದಾವುದೂ ಗೊತ್ತಿರುವುದಿಲ್ಲ.

ಕಿಮೊ ಕಾಲದಲ್ಲಿ ಮಲಗಿಯೇ ಇರಬೇಕೆಂಬುದು ಹಳೆಯ ನಂಬಿಕೆ. ವಾರದಲ್ಲಿ ಮೂರು ದಿನ ಅರ್ಧ ಗಂಟೆಯ ನಡಿಗೆಯಂಥ ವ್ಯಾಯಾಮದಿಂದ ಚಿಕಿತ್ಸೆಯ ದಣಿವು ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಕಿಮೊ ಮುಗಿಸಿದ 889 ಮಂದಿಯ ಪೈಕಿ, ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷಗಳಾದರೂ ಕಾಯಿಲೆ ಮರಳದೆ ಬದುಕಿದ್ದವರು ಶೇ. 80ರಷ್ಟಿದ್ದರು, ಸಲಹೆಯ ಪುಸ್ತಿಕೆ ಮಾತ್ರ ಪಡೆದವರಲ್ಲಿ ಶೇ. 74ರಷ್ಟು. ಇದನ್ನು ನಿಮ್ಮ ಕಾಯಿಲೆಗೆ ಹಾಗೆಯೇ ಅನ್ವಯಿಸಲಾಗದು. ಓಟವೇ ಆಗಬೇಕೆಂಬ ಕಟ್ಟೂ ಅಲ್ಲಿರಲಿಲ್ಲ. ಬಿರುಸು ನಡಿಗೆಯೂ ಲೆಕ್ಕಕ್ಕೆ ಬರುತ್ತಿತ್ತು.

ಈಗಿನ 21 ದಿನಗಳ ಸುತ್ತಿನಲ್ಲಿ ಮೊದಲ ನಾಲ್ಕೈದು ದಿನ ವಾಂತಿ, ಸುಸ್ತು. ಎರಡನೆಯ ವಾರ ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ, ಆಗ ಗುಂಪಿನಲ್ಲಿ ಬೆರೆಯುವುದು ತರವಲ್ಲ. ಮೂರನೆಯ ವಾರ ನಿಮ್ಮದು. ಆ ವಾರ ಎರಡು ನಿಮಿಷ ನಿಧಾನವಾಗಿ ಓಡಿ, ಮೂರು ನಿಮಿಷ ನಡೆಯಿರಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಕೆಂಪು ಕಿಮೊದಲ್ಲಿರುವ, ಮೂತ್ರವನ್ನೂ ಕೆಂಪಾಗಿಸುವ ಡಾಕ್ಸೊರುಬಿಸಿನ್ ಔಷಧ ಕೆಲವರಲ್ಲಿ ಹೃದಯವನ್ನು ದುರ್ಬಲಗೊಳಿಸುತ್ತದೆ; ಹೃದಯದ ಸ್ಕ್ಯಾನ್ ಆದ ಎಕೊದ ವರದಿ ತೋರಿಸಿ, ಓಡಲು ಒಪ್ಪಿಗೆಯೇ ಎಂದು ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಮೂರನೆಯ ವಾರದ ಲೆಕ್ಕ ಹೋಗಿ, ಪಾದದ ಲೆಕ್ಕ ಬರುತ್ತದೆ. ಬೆರಳು ಜೋಮು ಹಿಡಿದಂತಾಗಿ, ಶೂ ಒಳಗೆ ಸೇರಿದ ಗರಸಿನ ಹರಳೂ ಗೊತ್ತಾಗದೆ ಹೋಗಬಹುದು. ಹಾಕಿಕೊಳ್ಳುವ ಮುನ್ನ ಶೂ ಒಳಗೆ ಕೈಯಾಡಿಸಿ, ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಜೋಮು ಹೆಚ್ಚಾದರೆ ವೈದ್ಯರಿಗೆ ತಿಳಿಸಿ. ಅವರು ನೋಡಿ ಹೇಳುವವರೆಗೆ ಸಮನೆಲದ ಮೇಲೆ ನಡಿಗೆಯಷ್ಟೇ ಸಾಕು. ಕಂಕುಳಿನ ಗ್ರಂಥಿ ತೆಗೆದದ್ದರಿಂದ ಬಲಗೈ ಬಾತೀತೆಂಬ ಭಯಕ್ಕೆ ಅದನ್ನು ಎದೆಗವಚಿ ಓಡಬೇಕಿಲ್ಲ, ಸಹಜವಾಗಿ ಬೀಸಲಿ. ಉಂಗುರ ಬಿಗಿಯಾಯಿತೆನಿಸಿದರೆ ಮಾತ್ರ ತೋರಿಸಿ.

ಇನ್ನು ಹಣದ ವಿಚಾರ. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಹಲವು ವಾರ ಹಾಜರಿ ಹಾಕುವುದು. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದ್ದರೂ ಚಿಂಚೋಳಿಯ ಕೂಲಿಕಾರರಿಗೆ ದಿನವೂ ಬಂದು ಹೋಗುವುದು ಆಗದ ಮಾತು, ಹೀಗಾಗಿ ವಸತಿಗೆಂದು ನೀವು ಕೂಡಿಸುವ ಹಣ ವ್ಯರ್ಥವಲ್ಲ. ಆದರೆ ಒಂದು ಓಟಕ್ಕೆ ಇಷ್ಟು ಎಂದು ಕೇಳುವ ಬದಲು, ಚಿಕಿತ್ಸೆ ಮುಗಿಯುವವರೆಗೆ ಓಡಿದ್ದೋ ನಡೆದದ್ದೋ ಪ್ರತಿ ಕಿಲೋಮೀಟರಿಗೆ ಐದೋ ಹತ್ತೋ ರೂಪಾಯಿ ಎಂದು ಕೇಳಿ. ಹಾಗಾದರೆ ಒಂದು ವಾರ ಮಲಗಿದರೂ ಯಾರಿಗೂ ಕೊಟ್ಟ ಮಾತು ತಪ್ಪುವುದಿಲ್ಲ. ಹಣ ನಿಮ್ಮ ಫೋನ್‌ಪೇಗೆ ಬರದೆ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಅವರೇ ಕೊಡಲಿ.

ಇಂಥ ಓಟದ ಮಾತು ಬಂದಾಗಲೆಲ್ಲ ಕೆನಡಾದ ಟೆರಿ ಫಾಕ್ಸ್ ಹೆಸರು ಬರುತ್ತದೆ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಆ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಆಮೇಲಿನದು: ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ಆತ ಅರ್ಧದಲ್ಲೇ ನಿಂತ ಬಳಿಕವೂ ಹಣ ಬರುತ್ತಲೇ ಇದ್ದು, ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಎಂಬ ಅವನ ಗುರಿ 1981ರ ಫೆಬ್ರುವರಿಯ ಹೊತ್ತಿಗೆ ತುಂಬಿತು.

ನಮ್ಮ ಬಿಸಿಲು ಫೆಬ್ರುವರಿ ಕೊನೆಗೇ ಚುರುಕಾಗುವುದರಿಂದ ಬೆಳಿಗ್ಗೆ ಏಳು ಗಂಟೆಯೊಳಗೆ ಮನೆ ಸೇರಿ. ಒಬ್ಬರೇ ಹೋಗಬೇಡಿ, ಅತ್ತೆಯವರನ್ನೇ ಕರೆದೊಯ್ಯಿರಿ. ನೀರಿನ ಬಾಟಲಿ ಹಿಡಿದು ಕೆರೆಯ ಬಳಿ ಕೂತು ಸುತ್ತು ಎಣಿಸಲಿ. ಮೂರಾಯಿತು, ಇವತ್ತಿಗೆ ಸಾಕೆಂದು ಅವರು ಹೇಳಿದರೆ ಆ ದಿನ ಅವರ ಮಾತೇ ನಡೆಯಲಿ.