ಮ್ಯೂಸಿಯಂನ ಆ ದೇಹಗಳ ಪಕ್ಕ ನಿಲ್ಲಬಹುದಾ ಅಂತ ಕೇಳಿದ ತಂಗಿಗೆ

ತಂಗಿ,

ಅಕ್ಕ ಅಂತ ಕರೆದು ಬರೆದಿದ್ದೀಯ, ಅದಕ್ಕೇ ಸಲಿಗೆ ತಗೊಂಡು ನೀನು ಅಂತಲೇ ಬರೀತೀನಿ. ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡ್ತಿದ್ದವಳು, ಅಮೆರಿಕಕ್ಕೆ ಕೆಲಸಕ್ಕೆ ಬಂದವರ ಹೆಂಡತಿಗೆ ಸಿಗೋ ಎಚ್-4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ನಾಲ್ಕು ತಿಂಗಳಾಯ್ತು, ಮನೆಯವರು ಆಫೀಸಿಗೆ ಹೋದಮೇಲೆ ಸಂಜೆವರೆಗೂ ಮಾತಾಡೋಕೆ ಒಂದು ಜೀವ ಇಲ್ಲ ಅಂದಿದ್ದೀಯ. ನಿಜವಾದ ಮನುಷ್ಯರ ದೇಹಗಳನ್ನ ಕೆಡದ ಹಾಗೆ ಇಟ್ಟಿರೋ ಪ್ರದರ್ಶನಕ್ಕೆ ವಾಲಂಟಿಯರ್‌ಗಳು ಬೇಕಂತೆ, ಸೇರೋಣ ಅಂದ್ರೆ ಅತ್ತೆ ಫೋನಲ್ಲಿ "ಹೆಣದ ಮುಂದೆ ನಿಲ್ಲೋ ಕೆಲಸ ನಿನಗ್ಯಾಕೆ" ಅಂದ್ರಂತೆ. ಹೋಗಲಾ, ವೀಸಾಕ್ಕೆ ತೊಂದರೆ ಆಗುತ್ತಾ, ಮುಂದೆ ಕೆಲಸ ಹುಡುಕುವಾಗ ಉಪಯೋಗ ಆಗುತ್ತಾ ಅನ್ನೋದು ನಿನ್ನ ಪ್ರಶ್ನೆ.

ಹೋಗು. ಆದ್ರೆ ಅರ್ಜಿ ಹಾಕೋ ಮುಂಚೆ ಒಂದು ವಿಷಯ ಕೇಳಿ ತಿಳ್ಕೋ: ಈ ದೇಹಗಳು ಯಾರವು, ಬದುಕಿದ್ದಾಗ ಅವರು ಇದಕ್ಕೆ ಒಪ್ಪಿದ್ರಾ? ನಾನು ಇದನ್ನ ಕೇಳದೇ ಹೋಗಿದ್ದೆ. ಅದನ್ನ ಆಮೇಲೆ ಹೇಳ್ತೀನಿ.

2007ರಲ್ಲಿ ಸ್ಯಾನ್ ಹೋಸೆಯ ಟೆಕ್ ಮ್ಯೂಸಿಯಂಗೆ ಬಾಡಿ ವರ್ಲ್ಡ್ಸ್ 2 ಅನ್ನೋ ಇಂಥದ್ದೇ ದೇಹಗಳ ಪ್ರದರ್ಶನ ಬಂದಿತ್ತು, ನಾನು ಅಲ್ಲಿ ವಾಲಂಟಿಯರ್ ಆಗಿದ್ದೆ. ಡೌನ್‌ಟೌನ್‌ನಲ್ಲಿ ಮಾವಿನಹಣ್ಣಿನ ಬಣ್ಣದ ಕಟ್ಟಡ ಇದೆಯಲ್ಲ, ಅದೇ. ಆಗ ನಾನೂ ಎಚ್-4ನಲ್ಲೇ ಇದ್ದೆ. ಆಗ ಎಚ್-4ನವರಿಗೆ ದುಡಿಯೋ ದಾರಿಯೇ ಇರಲಿಲ್ಲ. ಗಂಡನ ಗ್ರೀನ್ ಕಾರ್ಡ್ ಒಂದು ಹಂತ ದಾಟಿದ್ರೆ ಹೆಂಡತಿಗೆ ಇಎಡಿ, ಅಂದ್ರೆ ಕೆಲಸ ಮಾಡೋ ಪರವಾನಗಿ, ಕೊಡೋ ನಿಯಮ ಬಂದದ್ದು 2015ರಲ್ಲಿ. ವಾಲಂಟಿಯರ್ ಕೆಲಸದ ವಿಷಯ ಇಷ್ಟೇ: ಲಾಭಕ್ಕಲ್ಲದ ಸಂಸ್ಥೆ ಆಗಿರಬೇಕು, ಆ ಕೆಲಸವನ್ನ ಎಲ್ಲರೂ ಪುಕ್ಕಟೆಯಾಗೇ ಮಾಡೋ ರೂಢಿ ಇರಬೇಕು, ಅದಕ್ಕೆ ಸಂಬಳವಾಗಲಿ ಬೇರೆ ರೂಪದ ಪ್ರತಿಫಲವಾಗಲಿ ತಗೋಬಾರದು. ಮ್ಯೂಸಿಯಂ ಇದರೊಳಗೆ ಬರುತ್ತೆ. ಯಾವುದೋ ಕಂಪನಿಗೆ "ಅನುಭವಕ್ಕೆ" ಅಂತ ಪುಕ್ಕಟೆ ದುಡಿಯೋದು ಬರಲ್ಲ, ಅಂಥದ್ದಕ್ಕೆ ಹೋಗ್ಬೇಡ. ಅನುಮಾನ ಇದ್ರೆ ನಿಮ್ಮ ಮನೆಯವರ ಆಫೀಸಿನ ಇಮಿಗ್ರೇಷನ್ ವಕೀಲರನ್ನ ಒಂದು ಮಾತು ಕೇಳಿಸು.

ಮೊದಲ ದಿನ ಒಳಗೆ ಕಾಲಿಟ್ಟಾಗ ವಾಸನೆ ಬರುತ್ತೇನೋ ಅಂತ ಉಸಿರು ಬಿಗಿಹಿಡಿದಿದ್ದೆ. ಏನೂ ಇಲ್ಲ. ಗುಂಥರ್ ಫಾನ್ ಹಾಗೆನ್ಸ್ ಅನ್ನೋ ಜರ್ಮನ್ ಅಂಗರಚನಾ ತಜ್ಞರು 1977ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕಂಡುಹಿಡಿದ ವಿಧಾನ ಇದು, ಪ್ಲಾಸ್ಟಿನೇಷನ್ ಅಂತಾರೆ. ನಮ್ಮತ್ತೆಗೆ ನಾನು ಅದನ್ನ ನೆಲ್ಲಿಕಾಯಿ ಮುರಬ್ಬದ ಲೆಕ್ಕದಲ್ಲಿ ಬಿಡಿಸಿ ಹೇಳಿದ್ದೆ. ಕಾಯಿಯೊಳಗಿನ ನೀರು ಹೊರಗೆ ಬರುತ್ತೆ, ಆ ಜಾಗಕ್ಕೆ ಪಾಕ ಹೋಗುತ್ತೆ, ಕಾಯಿಯ ಆಕಾರ ಹಾಗೇ ಉಳಿಯುತ್ತೆ. ಇಲ್ಲೂ ಅಷ್ಟೇ. ಮೊದಲು ಫಾರ್ಮಲಿನ್ ಕೊಟ್ಟು ಕೊಳೆಯೋದನ್ನ ನಿಲ್ಲಿಸ್ತಾರೆ. ಚರ್ಮ, ಕೊಬ್ಬು ಬಿಡಿಸಿದಮೇಲೆ ಕೊರೆಯೋ ಚಳಿಯ ಅಸಿಟೋನ್‌ನಲ್ಲಿ ಮುಳುಗಿಸಿದ್ರೆ ನೀರು ಹೋಗಿ ಅಸಿಟೋನ್ ಒಳಗೆ ಕೂರುತ್ತೆ. ಆಮೇಲೆ ಸಿಲಿಕೋನ್ ರಬ್ಬರಿನ ದ್ರವದಲ್ಲಿಟ್ಟು ಗಾಳಿ ಎಳೀತಾರೆ. ಅಸಿಟೋನ್ ಗುಳ್ಳೆಗುಳ್ಳೆಯಾಗಿ ಹೊರಟು ಹೋಗುತ್ತೆ, ಅದಿದ್ದ ಕಡೆಯೆಲ್ಲ ಸಿಲಿಕೋನ್ ಸೇರುತ್ತೆ. ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಒಂದೊಂದು ಸ್ನಾಯುವನ್ನೂ ಸರಿ ಮಾಡಿ, ಕೊನೆಗೆ ಅನಿಲ ಹಾಯಿಸಿ ಗಟ್ಟಿ ಮಾಡ್ತಾರೆ. ಒಂದು ಪೂರ್ತಿ ದೇಹಕ್ಕೆ ಸುಮಾರು 1500 ಗಂಟೆ ಕೆಲಸ.

ಬಯಾಲಜಿ ಓದಿದವಳು ನೀನು, ನಿನಗೆ ಇದೆಲ್ಲ ಬೇಗ ಹತ್ತುತ್ತೆ. ಬಿಕಾಂ ಓದಿದ ನನಗೆ ಮೊದಲ ವಾರ ಒದ್ದಾಟ ಆಗಿದ್ದು ಒಂದೇ ಪದದಿಂದ: ನರ. ನಮ್ಮ ಮಾತಲ್ಲಿ ಕೈ ಮೇಲೆ ಹಸಿರಾಗಿ ಕಾಣೋದೂ ನರ, ಕುತ್ತಿಗೆ ಹಿಡ್ಕೊಂಡ್ರೂ ನರ, ಮಂಡಿ ಹಿಂದೆ ಹಗ್ಗದ ಥರ ಬಿಗಿಯೋದೂ ನರ, ಕೈ ಜೋಮು ಹಿಡಿದ್ರೂ ನರ. ಒಂದು ಕೈಯ ಮುಂದೆ ನಿಂತು ನೋಡಿದೆ. ಮುಂಗೈಯಿಂದ ಬೆರಳುಗಳಿಗೆ ಬಿಳೀ ಪಟ್ಟಿಗಳು ಬೀಸಣಿಗೆ ಬಿಡಿಸಿದ ಹಾಗೆ ಹರಡಿದ್ವು, ಅವು ಸ್ನಾಯುವನ್ನ ಮೂಳೆಗೆ ಕಟ್ಟೋ ಸ್ನಾಯುರಜ್ಜು. ಪಕ್ಕದಲ್ಲಿ ಮಾಸಲು ಬಣ್ಣದ ದಾರದಂಥದ್ದು ನಿಜವಾದ ನರ. ಇನ್ನೊಂದು ರಕ್ತನಾಳ. ನಲವತ್ತು ವರ್ಷ ಒಂದೇ ಹೆಸರಲ್ಲಿ ಕರೆದ ಮೂರು ಬೇರೆ ಬೇರೆ ವಸ್ತುಗಳು ಒಂದೇ ಅಂಗೈಯಗಲದಲ್ಲಿ ಮಲಗಿದ್ವು. ನಾನು ಅವತ್ತು ಶಿಫ್ಟ್ ಮುಗಿದಮೇಲೂ ಅಲ್ಲೇ ನಿಂತಿದ್ದೆ, ನನ್ನ ಬೆರಳು ಮಡಚೋದು, ಬಿಚ್ಚೋದು, ಅದನ್ನ ನೋಡೋದು.

ಕೆಲಸ ಪಾಠ ಹೇಳೋದಲ್ಲ, ಇದನ್ನ ಮೊದಲೇ ತಿಳ್ಕೊಂಡಿರು. ಜನ ಅತಿ ಹೆಚ್ಚು ಕೇಳೋದು ರೆಸ್ಟ್‌ರೂಮ್ ಎಲ್ಲಿ ಅಂತ. ಎರಡನೇದು, ಇದು ನಿಜವಾದದ್ದಾ ಅಂತ. ಮುಟ್ಟಬೇಡಿ, ಫೋಟೋ ಬೇಡ ಅನ್ನೋದನ್ನ ಮುಖ ಗಂಟುಹಾಕದೆ ಗಂಟೆಗೆ ಹತ್ತು ಸಲ ಹೇಳಬೇಕು. ನಿಂತು ನಿಂತು ಕಾಲು ಊದುತ್ತೆ, ಒಳ್ಳೇ ಶೂ ತಗೋ. ಇಂಗ್ಲಿಷ್ ಬಗ್ಗೆ ಭಯ ಪಡಬೇಡ. ಇಲ್ಲಿನವರ ಉಚ್ಚಾರ ನನ್ನ ಕಿವಿಗೆ ಹೊಂದಿಕೊಂಡಿದ್ದೇ ಅಲ್ಲಿ. ಮಕ್ಕಳು, ಮುದುಕರು, ಮೆಕ್ಸಿಕೋದವರು, ವಿಯೆಟ್ನಾಂನವರು, ಎಲ್ಲರೂ ತಮ್ಮ ತಮ್ಮ ಇಂಗ್ಲಿಷಲ್ಲಿ ಬಂದು ಕೇಳ್ತಾರೆ, ನೀನು ನಿನ್ನ ಇಂಗ್ಲಿಷಲ್ಲಿ ಹೇಳಿದ್ರಾಯ್ತು.

ಭ್ರೂಣಗಳದ್ದು ಬೇರೆ ಜಾಗ. ನೋಡಲೇಬೇಕು ಅಂತಿಲ್ಲದವರು ಪಕ್ಕದಿಂದ ದಾಟಿ ಹೋಗಲಿ ಅಂತ ಪ್ರತ್ಯೇಕವಾಗಿ ಇಟ್ಟಿರ್ತಾರೆ. ಅಲ್ಲಿನವು ಹೆಚ್ಚಾಗಿ ಹಳೆಯ ಅಂಗರಚನಾ ಸಂಗ್ರಹಗಳಿಂದ ಬಂದವು. ತೊಗರಿಕಾಳಿನಷ್ಟರಿಂದ ಶುರುವಾಗುತ್ತೆ. ಒಂದು ಮಧ್ಯಾಹ್ನ ನನ್ನ ವಯಸ್ಸಿನ ಹೆಂಗಸೊಬ್ಬಳು ಗಂಡನ ಕೈ ಹಿಡ್ಕೊಂಡು ಬಂದು, "ಹನ್ನೊಂದು ವಾರದ್ದು ಯಾವುದು?" ಅಂತ ಕೇಳಿದಳು. ತೋರಿಸಿದೆ. ಹೆಬ್ಬೆರಳಿನಷ್ಟು, ಬೆರಳುಗಳು ಬಿಡಿಬಿಡಿಯಾಗಿ ಮೂಡಿದ್ವು. ಅವಳು ಗಾಜಿನ ಮೇಲೆ ಕೈ ಇಟ್ಟಳು. ಗಾಜು ಮುಟ್ಟಬಾರದು ಅಂತ ನಮಗೆ ಹೇಳಿಕೊಟ್ಟಿದ್ರು. ನಾನು ಹೇಳಲಿಲ್ಲ. ತುಂಬ ಹೊತ್ತಾದಮೇಲೆ ಗಂಡನಿಗೆ "ಬೆರಳಿತ್ತು" ಅಂತ ಮಾತ್ರ ಅಂದಳು. ನಾನು ಟಿಶ್ಯೂ ಕೊಟ್ಟು ಸ್ವಲ್ಪ ದೂರ ಸರಿದು ನಿಂತೆ. ಅವರು ಹೋದಮೇಲೆ ಗಾಜು ಒರೆಸಿದೆ. ಅಲ್ಲಿ ನಮ್ಮ ಕೆಲಸ ಇಂಥದ್ದು ತಂಗಿ. ಒಬ್ಬರು ತಮ್ಮ ದುಃಖದ ಮುಂದೆ ನಿಂತಿರೋವಾಗ ಹಿಂದಿನಿಂದ ಯಾರೂ ನೂಕದ ಹಾಗೆ ನೋಡ್ಕೊಳ್ಳೋದು.

ಈಗ, ಕೇಳದೇ ಹೋದೆ ಅಂದೆನಲ್ಲ, ಆ ವಿಷಯ. ಮೂರನೇ ವಾರ ಇರಬೇಕು, ಚೀನೀ ಹೆಂಗಸೊಬ್ಬರು, ಅರವತ್ತರ ಆಸುಪಾಸು, ಒಂದೊಂದು ದೇಹದ ಮುಖವನ್ನೂ ಹತ್ತಿರದಿಂದ ನೋಡ್ತಾ ಬಂದು, "ಇವರು ನಮ್ಮ ದೇಶದವರಾ?" ಅಂತ ಕೇಳಿದರು. "ಎಲ್ಲರೂ ತಾವೇ ದಾನ ಮಾಡಿದವರು" ಅಂತ ಕಲಿಸಿದ ಉತ್ತರ ಒಪ್ಪಿಸಿದೆ. "ನಿಮಗೆ ಹೇಗೆ ಗೊತ್ತು? ನಾನು ದಾಲಿಯನ್‌ನವಳು" ಅಂದ್ರು. ದಾಲಿಯನ್ ಅಂದ್ರೆ ಏನು, ಎಲ್ಲಿ, ಯಾಕೆ ಹಾಗೆ ಹೇಳಿದ್ರು, ನನಗೆ ಒಂದೂ ಗೊತ್ತಿರಲಿಲ್ಲ. ಅವರ ಮುಂದೆ ಸುಮ್ಮನೆ ನಿಂತೆ.

ಆ ರಾತ್ರಿ ಕೂತು ಓದಿದೆ. ದಾಲಿಯನ್ ಚೀನಾದ ಒಂದು ಊರು, ಅಲ್ಲಿ ಫಾನ್ ಹಾಗೆನ್ಸ್ ಅವರದೇ ಪ್ಲಾಸ್ಟಿನೇಷನ್ ಕೇಂದ್ರ ಇತ್ತು. ಅಲ್ಲಿ ಬಂದ ದೇಹಗಳಲ್ಲಿ ಮರಣದಂಡನೆಗೆ ಗುರಿಯಾದವರದ್ದೂ ಇರಬಹುದು ಅಂತ 2004ರಲ್ಲಿ ಜರ್ಮನಿಯ ಪತ್ರಿಕೆಯೊಂದು ಬರೆದಿತ್ತು. ತಲೆಗೆ ಪೆಟ್ಟಾಗಿದ್ದ ಏಳು ದೇಹಗಳನ್ನ ಚೀನಾಕ್ಕೆ ವಾಪಸು ಕಳಿಸಿದೆ ಅಂತ ಫಾನ್ ಹಾಗೆನ್ಸ್ ಅವರೇ ಹೇಳಿದ್ರು. ಇನ್ನೊಂದು ಕಡೆ, ಅವರ ದೇಹದಾನ ಯೋಜನೆ 1980ರ ದಶಕದಿಂದ ನಡೀತಿದೆ, ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಜರ್ಮನ್ನರು. ಅಮೆರಿಕಕ್ಕೆ ಪ್ರದರ್ಶನ ಮೊದಲ ಸಲ ಬಂದದ್ದು 2004ರಲ್ಲಿ, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ಸೈನ್ಸ್ ಸೆಂಟರ್‌ಗೆ. ಆ ಸೆಂಟರ್‌ನವರು ಒಳಗೆ ಬಿಟ್ಟುಕೊಳ್ಳೋ ಮುಂಚೆ ನೈತಿಕ ಸಮಿತಿ ಕೂರಿಸಿ, ದಾನಿಗಳ ಒಪ್ಪಿಗೆ ಪತ್ರಗಳನ್ನ ಮರಣ ಪ್ರಮಾಣಪತ್ರಗಳ ಜೊತೆ ತಾಳೆ ನೋಡಿಸಿದ್ರು. ನಾನು ಆ ಹೆಂಗಸಿಗೆ ಹೇಳಬೇಕಾಗಿದ್ದದ್ದು ಇದನ್ನೆಲ್ಲ, ಎರಡೂ ಕಡೆಯದ್ದನ್ನ. ಅವರು ಮತ್ತೆ ಬರಲಿಲ್ಲ.

ಅದೇ ಕಾಲದಲ್ಲಿ ಬಾಡೀಸ್ ದಿ ಎಕ್ಸಿಬಿಷನ್ ಅಂತ ಬೇರೆ ಕಂಪನಿಯವರ ಪ್ರದರ್ಶನವೂ ಊರೂರು ಸುತ್ತುತ್ತಿತ್ತು. ಅಲ್ಲಿದ್ದದ್ದು ವಾರಸುದಾರರಿಲ್ಲದ ಚೀನೀ ದೇಹಗಳು. ಅವು ಚೀನಾದ ಜೈಲುಗಳಲ್ಲಿ ಕೊಂದವರದ್ದಲ್ಲ ಅಂತ ಸ್ವತಂತ್ರವಾಗಿ ಸಾಬೀತು ಮಾಡೋಕೆ ನಮ್ಮಿಂದ ಆಗಲ್ಲ ಅಂತ ಆ ಕಂಪನಿ ಬೋರ್ಡ್ ಹಾಕೋ ಹಾಗೆ ನ್ಯೂಯಾರ್ಕಿನ ಅಟಾರ್ನಿ ಜನರಲ್ 2008ರಲ್ಲಿ ಮಾಡಿದ್ರು. ನಮ್ಮ ಕ್ಯಾಲಿಫೋರ್ನಿಯಾದಲ್ಲೂ ಫಿಯೋನಾ ಮಾ ಅನ್ನೋ ಶಾಸಕಿ, ಒಪ್ಪಿಗೆ ಪತ್ರದ ಪುರಾವೆ ಇಲ್ಲದೆ ಇಂಥ ಪ್ರದರ್ಶನ ನಡೆಸಕೂಡದು ಅಂತ ಮಸೂದೆ ತಂದ್ರು. ಸದನದಲ್ಲಿ ಪಾಸಾಯ್ತು, 2008ರಲ್ಲಿ ಗವರ್ನರ್ ಶ್ವಾರ್ಜ್‌ನೆಗರ್ ಸಹಿ ಹಾಕದೆ ತಿರಸ್ಕರಿಸಿದ್ರು. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ. ಬಡವನಾಗಿ ಸತ್ತ, ಕೇಳೋರಿಲ್ಲದೆ ಸತ್ತ ಅನ್ನೋ ಒಂದೇ ಕಾರಣಕ್ಕೆ ಒಬ್ಬ ಮನುಷ್ಯನನ್ನ ಚರ್ಮ ಸುಲಿದು ಟಿಕೆಟ್ ಇಟ್ಟು ನಿಲ್ಲಿಸೋದು ಘೋರ. ಚೀನಾ ಕಡೆ ಬೆರಳು ತೋರಿಸಿ ಸುಮ್ಮನಾಗೋ ಹಾಗೂ ಇಲ್ಲ. ನಮ್ಮ ಕರ್ನಾಟಕದಲ್ಲೂ 1957ರ ಅನಾಟಮಿ ಕಾಯ್ದೆ ಪ್ರಕಾರ ವಾರಸುದಾರರಿಲ್ಲದ ಶವಗಳು ಮೆಡಿಕಲ್ ಕಾಲೇಜುಗಳಿಗೆ ಹೋಗ್ತವೆ. ನಮ್ಮ ಡಾಕ್ಟರುಗಳು ಕೈ ಪಳಗಿಸಿಕೊಂಡದ್ದು ಅವರ ಮೇಲೆ. ಅದು ಕಲಿಕೆಗೆ, ಇದು ನೋಟಕ್ಕೆ, ವ್ಯತ್ಯಾಸ ಖಂಡಿತ ಇದೆ. ಆದ್ರೆ ಆ ಜನರನ್ನೂ ಯಾರೂ ಕೇಳಿರಲಿಲ್ಲ.

ನಿನ್ನ ಅತ್ತೆಯವರ ಮಾತಿಗೆ ಬರ್ತೀನಿ. ಅವರ ಜೊತೆ ವಾದ ಮಾಡಬೇಡ. ನಮ್ಮತ್ತೆ ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿದ್ದವರು, ನಾನು ಮ್ಯೂಸಿಯಂನಿಂದ ಬಂದ ತಕ್ಷಣ ತಲೆಗೆ ಸ್ನಾನ ಮಾಡದೆ ಅಡುಗೆಮನೆಗೆ ಬಿಡ್ತಿರಲಿಲ್ಲ. ಡಿಸೆಂಬರ್ ಚಳಿಯಲ್ಲೂ ಮಾಡಿದೆ, ಅವರ ಮನಸ್ಸಿಗೆ ನೋವಾಗೋದು ಬೇಡ ಅಂತ. ಒಂದು ದಿನ ತಾವೇ "ಒಂದ್ಸಲ ತೋರಿಸೇ" ಅಂದ್ರು. ಅವರಿಗೆ ಎರಡೂ ಮಂಡಿ ಸವೆದಿತ್ತು, ಮೈಸೂರಲ್ಲಿ ಡಾಕ್ಟರು ಆಪರೇಷನ್ ಅಂದಿದ್ದಕ್ಕೆ ಹೆದರಿ ಮುಂದೂಡ್ತಾ ಬಂದಿದ್ರು. ಗಾಲಿಕುರ್ಚಿಯಲ್ಲಿ ಕರ್ಕೊಂಡು ಹೋದೆ. ನಿಂತ ದೇಹಗಳಿಗೆಲ್ಲ ಮೊದಲು ಕೈ ಮುಗಿದ್ರು. ಒಂದು ಕಡೆ ಲೋಹದ ಕೃತಕ ಮಂಡಿ ಹಾಕಿದ ನಿಜವಾದ ಕಾಲು ಇತ್ತು, ತೊಡೆಮೂಳೆಯ ತುದಿಗೆ ನಯವಾದ ಲೋಹದ ಟೋಪಿ, ಕೆಳಗೆ ಬಿಳೀ ಪ್ಲಾಸ್ಟಿಕ್ಕಿನ ಹಾಸು. ಅದರ ಮುಂದೆ ಇಪ್ಪತ್ತು ನಿಮಿಷ ಕೂತ್ರು. ಮೂಳೆ ಎಷ್ಟು ಕೊಯ್ತಾರೆ, ಇದು ಅಲ್ಲಾಡಲ್ವಾ, ಕೆಳಗೆ ಕೂರೋಕೆ ಆಗುತ್ತಾ ಅಂತ ಒಂದೊಂದೇ ಕೇಳಿ, ಕೊನೆಗೆ "ಈ ಮಹಾತಾಯಿ ಯಾರೋ, ಸತ್ತ ಮೇಲೂ ನನ್ನ ಭಯ ಬಿಡಿಸಿದಳು" ಅಂದ್ರು. ಮನೆಗೆ ಬಂದು ಇಬ್ಬರೂ ತಲೆಗೆ ಸ್ನಾನ ಮಾಡಿದ್ವಿ. ಊರಿಗೆ ಹೋದ ಮೇಲೆ ಆಪರೇಷನ್ ಮಾಡಿಸ್ಕೊಂಡ್ರು.

ಅತ್ತೆಯವರು ಕೇಳೋ ಮನಸ್ಸಲ್ಲಿದ್ದಾಗ ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರ ಬಗ್ಗೆ ಹೇಳು. ಅವರ ತಂದೆಯೂ ವೈದ್ಯರು, ನನ್ನ ದೇಹವನ್ನ ನೀನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡು ಅಂತ ಮಗನಿಗೆ ಹೇಳಿ ತೀರಿಕೊಂಡಿದ್ರು. 2010ರಲ್ಲಿ ಮಗ ಅದನ್ನ ನಡೆಸಿಕೊಟ್ರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಸಾಮಾನ್ಯ ಜನರೇ ಹೋಗಿ ನಿಜವಾದ ಮನುಷ್ಯನ ಮಿದುಳನ್ನ ಕೈಯಲ್ಲಿ ಹಿಡೀಬಹುದು. ನಮ್ಮವರಿಗೆ ಇದು ಹೊಸದೇನಲ್ಲ.

ಕೆಲಸದ ವಿಷಯ. ಮ್ಯೂಸಿಯಂನಿಂದ ನೇರವಾಗಿ ಕೆಲಸ ಸಿಗಲ್ಲ. ನನಗೆ ಅಲ್ಲಿ ಸಿಕ್ಕಿದ್ದು ಒಂದು ಶಿಫಾರಸು ಪತ್ರ, ಮೂವರು ಗೆಳತಿಯರು, ಮತ್ತೆ ದೇಹದ ಬಗ್ಗೆ ಹೋಗದ ಕುತೂಹಲ. ಗ್ರೀನ್ ಕಾರ್ಡ್ ಬಂದಮೇಲೆ ಫ್ಲೆಬಾಟಮಿ ಕಲಿತೆ. ರಕ್ತ ತೆಗೆಯೋ ಕೆಲಸ, ಇಲ್ಲಿ ಅದಕ್ಕೆ ರಾಜ್ಯದ ಸರ್ಟಿಫಿಕೇಟ್ ಬೇಕು. ಲ್ಯಾಬಿಗೆ ಆಗಾಗ ನಮ್ಮ ಕಡೆಯ ಅಪ್ಪ ಅಮ್ಮಂದಿರು ಬರ್ತಾರೆ, ತೋಳು ಮುಂದೆ ಚಾಚಿ "ನನಗೆ ನರ ಸಿಗಲ್ಲಮ್ಮ" ಅಂತಾರೆ. ಕನ್ನಡದಲ್ಲಿ ಮಾತಾಡಿಸ್ತಾ ಬೆರಳಲ್ಲಿ ಹುಡುಕ್ತೀನಿ, ಸಿಗುತ್ತೆ. ನೀನು ಪಾಠ ಮಾಡಿದವಳು, ಮ್ಯೂಸಿಯಂಗಳ ಶಿಕ್ಷಣ ವಿಭಾಗದ ಕಡೆ ಕಣ್ಣಿಡು, ಇಎಡಿ ಬಂದ ದಿನ ಅವರಿಗೆ ನಿನ್ನ ಮುಖ ಪರಿಚಯ ಇರಲಿ.

ಅರ್ಜಿ ತುಂಬೋ ಮುಂಚೆ ಒಂದು ಸಲ ಟಿಕೆಟ್ ತಗೊಂಡು ನೋಡೋಕೆ ಬಂದವಳಾಗಿ ಹೋಗಿ ಬಾ. ಎಲ್ಲಿ ಕಾಲು ಹಿಂಜರಿಯುತ್ತೆ ಅಂತ ನಿನಗೇ ಗೊತ್ತಾಗುತ್ತೆ. ಸೇರಿದಮೇಲೆ ಭ್ರೂಣಗಳ ಕಡೆ ಹಾಕ್ತೀವಿ ಅಂದ್ರೆ ಮೊದಲ ತಿಂಗಳು ಬೇಡ ಅನ್ನು, ಯಾರೂ ತಪ್ಪು ತಿಳ್ಕೊಳ್ಳಲ್ಲ. ಒಬ್ಬಳೇ ಹೋಗೋಕೆ ಮನಸ್ಸಾಗದಿದ್ರೆ ಶನಿವಾರ ನನಗೆ ರಜೆ. ಲೈಟ್ ರೈಲಿಳಿದು ಡೌನ್‌ಟೌನ್ ಸ್ಟಾಪಲ್ಲಿ ನಿಂತಿರು, ಬಂದು ಕರ್ಕೊಂಡು ಹೋಗ್ತೀನಿ.